ಹತ್ತರಲ್ಲಿ ಒಂದು ಪಾಲಿನ ಕುದುರೆ: ಮಗಳಿಗೊಂದು ಪತ್ರ

ಮೈಸೂರು

ಪ್ರೀತಿಯ ಮಗಳೇ,

ನೀನು ಕಳಿಸಿದ ಹಾಳೆಯನ್ನು ಎರಡು ಸಲ ಓದಿದೆ. ಎರಡು ವರ್ಷದ ಹೆಣ್ಣು ರೇಸ್ ಕುದುರೆ, ಹತ್ತು ಪಾಲು, ಅದರಲ್ಲಿ ಒಂದು ನಿನ್ನದು, ಮಿಕ್ಕ ಒಂಬತ್ತು ನಿನ್ನ ಆಫೀಸಿನವರದು. ಬೇಡ ಎನ್ನಲು ಈ ಕಾಗದ ಬರೆಯುತ್ತಿಲ್ಲ. ಆದರೆ ಆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿರುವುದು ಕುದುರೆಯ ಬೆಲೆ. ತಿಂಗಳ ಖರ್ಚಿನ ಮಾತು ಕೊನೆಯಲ್ಲಿ ಒಂದೇ ಸಾಲು. ಇದನ್ನು ತಿರುವಿ ಓದಬೇಕು. ಕುದುರೆ ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ದಿನದಿನದ ಕೆಲಸ. ನೀನು ತೆಗೆದುಕೊಳ್ಳುತ್ತಿರುವುದು ಕುದುರೆಯ ಹತ್ತನೇ ಒಂದು ಭಾಗವನ್ನಲ್ಲ, ಅದರ ಖರ್ಚಿನ ಹತ್ತನೇ ಒಂದು ಭಾಗವನ್ನು.

ಲೆಕ್ಕಕ್ಕೆಂದು ತಿಂಗಳಿಗೆ 50,000 ರೂಪಾಯಿ ಎಂದಿಟ್ಟುಕೋ. ನಿನ್ನ ಪಾಲು 5,000. ಕಡಿಮೆ ಅನ್ನಿಸುತ್ತದೆ. ಲಾಯಕ್ಕೆ ಬಂದ ಮರಿ ಮೊದಲ ರೇಸ್ ಓಡುವ ಹೊತ್ತಿಗೆ ಒಂದು ವರ್ಷವೋ ಒಂದೂವರೆ ವರ್ಷವೋ ಕಳೆದಿರುತ್ತದೆ. ಹದಿನೈದು ತಿಂಗಳು ಎಂದರೆ 75,000, ಅದೂ ಒಂದು ರೂಪಾಯಿ ಸ್ಟೇಕ್ ಹಣ, ಅಂದರೆ ಬಹುಮಾನದ ಹಣ, ಬರುವುದಕ್ಕೆ ಮುಂಚೆ. ಈ ಮೊತ್ತವನ್ನು ಮೊದಲೇ ಬೇರೆ ಖಾತೆಯಲ್ಲಿಡಲು ಆಗುವುದಾದರೆ ಮಾತ್ರ ಮುಂದೆ ಹೋಗು. ಸಂಬಳದಲ್ಲಿ ಉಳಿದದ್ದರಿಂದ ಕೊಡುತ್ತೇನೆ ಎನ್ನುವವರು ಆರನೇ ತಿಂಗಳಿಗೆ ಸುಸ್ತಾಗುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ರೇಸುಗಳು ನಿಂತವು. ಕುದುರೆಗಳು ತಿನ್ನುವುದನ್ನು ನಿಲ್ಲಿಸಲಿಲ್ಲ.

ಬಿಲ್ಲು ಬಂದಾಗ ಒಟ್ಟು ಮೊತ್ತ ನೋಡಿ ಹಣ ಹಾಕಬೇಡ, ಬಾಬ್ತು ಬಾಬ್ತಾಗಿ ನೋಡು. ಟ್ರೇನರ್ ಶುಲ್ಕದಲ್ಲಿ ಮೇವು, ಹುಲ್ಲು, ಸೈಸ್‌ನ (ಕುದುರೆ ನೋಡಿಕೊಳ್ಳುವವನ) ಸಂಬಳ ಸೇರಿವೆಯೋ ಇಲ್ಲವೋ ಮೊದಲೇ ಕೇಳು, ಒಂದೊಂದು ಲಾಯದ ಪದ್ಧತಿ ಒಂದೊಂದು. ಲಾಳ ಹೆಚ್ಚುಕಡಿಮೆ ನಾಲ್ಕು ವಾರಕ್ಕೊಮ್ಮೆ ಬದಲಾಗುತ್ತದೆ. ತಾಲೀಮಿಗೆ ಕಬ್ಬಿಣದ ಲಾಳ, ರೇಸಿಗೆ ಹಗುರ ಅಲ್ಯೂಮಿನಿಯಂ, ಹಾಗಾಗಿ ಓಡಿದ ತಿಂಗಳು ಆ ಬಾಬ್ತು ಏರುತ್ತದೆ. ವೈದ್ಯರ ಬಿಲ್ಲು ಬೇರೆ, ಔಷಧಿ ಬೇರೆ. ಆಮೇಲೆ ಎಂಟ್ರಿ ಶುಲ್ಕ, ಜಾಕಿಯ ಸವಾರಿ ಶುಲ್ಕ, ಬೆಂಗಳೂರಿನಿಂದ ಮೈಸೂರಿಗೋ ಬೇರೆ ಊರಿಗೋ ಓಡಿಸಲು ಹೋದರೆ ಫ್ಲೋಟ್ ಎನ್ನುವ ಕುದುರೆ ಸಾಗಿಸುವ ಗಾಡಿಯ ಬಾಡಿಗೆ. 450 ಕಿಲೋ ತೂಗುವ ಕುದುರೆ ದಿನಕ್ಕೆ ಸುಮಾರು ಹತ್ತು ಕಿಲೋ ಮೇವು ತಿನ್ನುತ್ತದೆ: ಓಟ್ಸ್, ಬಾರ್ಲಿ, ಬೂಸಾ, ಒಣಹುಲ್ಲು, ಕುದುರೆಮಸಾಲೆ ಸೊಪ್ಪು, ಮೇಲೊಂದಿಷ್ಟು ಕ್ಯಾರೆಟ್. ತಿಂಗಳಿಗೊಮ್ಮೆ ಲಾಯಕ್ಕೆ ಹೋಗಿ ಮೇವಿನ ಚೀಲಕ್ಕೆ ಕೈ ಹಾಕಿ ಮೂಸಿ ನೋಡು. ಬೂಷ್ಟು ಹಿಡಿದ ಹುಲ್ಲು ಶ್ವಾಸಕೋಶ ಕೆಡಿಸುತ್ತದೆ. ಓಟಗಾರನಿಗೆ ಇರುವ ದೊಡ್ಡ ಆಸ್ತಿಯೇ ಅದು.

ಹಾಳೆಯಲ್ಲಿ ಎರಡು ವರ್ಷ ಎಂದಿದೆ, ಹುಟ್ಟಿದ ತಾರೀಖು ಇಲ್ಲ. ಅದನ್ನು ಕೇಳು. ನಮ್ಮ ದೇಶದಲ್ಲಿ ರೇಸ್ ಕುದುರೆಯ ವಯಸ್ಸು ಜನವರಿ 1ರಿಂದ ಲೆಕ್ಕ. ಜನವರಿಯಲ್ಲಿ ಹುಟ್ಟಿದ್ದಕ್ಕೂ ಮೇ ತಿಂಗಳಲ್ಲಿ ಹುಟ್ಟಿದ್ದಕ್ಕೂ ಕಾಗದದ ಮೇಲೆ ಒಂದೇ ವಯಸ್ಸು, ಮೂಳೆಯಲ್ಲಿ ನಾಲ್ಕು ತಿಂಗಳ ಅಂತರ. ಮುಂಗಾಲ ಮಂಡಿಯ ಮೇಲಿನ ಬೆಳವಣಿಗೆಯ ಪದರ ಮುಚ್ಚಿಕೊಳ್ಳುವುದು ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಎಕ್ಸ್‌ರೇ ತೆಗೆದರೆ ಕಾಣುತ್ತದೆ. ಅದು ಮುಚ್ಚುವ ಮೊದಲೇ ಗಡಿಬಿಡಿ ಮಾಡಿ ಜೋರಾಗಿ ಓಡಿಸಿದರೆ ಮರಿ ಹಾಳು. ಲಗಾಮು, ಜೀನು, ಮೇಲೆ ಮನುಷ್ಯ, ನಡಿಗೆ, ಕುಕ್ಕುಲೋಟ, ಕ್ಯಾಂಟರ್ ಎನ್ನುವ ಹದವಾದ ಓಟ, ಆಮೇಲೆ 600 ಮೀಟರ್, 1,000 ಮೀಟರ್ ವೇಗದ ಓಟ, ಓಟ ಶುರುವಾಗುವ ಗೇಟಿನ ಅಭ್ಯಾಸ, ಮಾಕ್ ರೇಸ್ ಎನ್ನುವ ಅಣಕು ರೇಸ್. ಈ ಸರದಿಯಲ್ಲಿ ಯಾವ ಹಂತವೂ ಪಾಲುದಾರರ ಆತುರಕ್ಕೆ ಓಡಬಾರದು. ಈ ವಯಸ್ಸಿನಲ್ಲಿ ಮುಂಗಾಲ ನಳಿಗೆ ಮೂಳೆಯ ಮುಂಭಾಗ ಊದಿ ನೋಯುವುದು ತೀರ ಸಾಮಾನ್ಯ. ಮೂಳೆ ವೇಗಕ್ಕೆ ಹೊಂದಿಕೊಳ್ಳುವ ಹೊತ್ತದು, ವಿಶ್ರಾಂತಿ ಕೊಟ್ಟು ಮೆಲ್ಲಗೆ ಮತ್ತೆ ಶುರು ಮಾಡಿದರೆ ಹೆಚ್ಚಿನವು ಸರಿಹೋಗುತ್ತವೆ. ಆ ಎರಡು ತಿಂಗಳು ಗುಂಪಿನಲ್ಲಿ "ಇನ್ನೂ ಯಾವಾಗ ಓಡುತ್ತೆ" ಎಂದು ಕೇಳುವವರು ಇದ್ದೇ ಇರುತ್ತಾರೆ. ನೀನು ಅವರಲ್ಲಿ ಒಬ್ಬಳಾಗಬೇಡ.

ಈಗ ಕಾಲಿನ ವಿಚಾರ. ಇದನ್ನು ನಿಧಾನವಾಗಿ ಓದು.

ಕುದುರೆಯ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ. ಮೂಳೆ, ಟೆಂಡನ್ ಎನ್ನುವ ಸ್ನಾಯುರಜ್ಜು, ಚರ್ಮ, ಅಷ್ಟೇ. ಪೂರ್ತಿ ವೇಗದಲ್ಲಿ ಓಡುವಾಗ ಒಂದು ಗಳಿಗೆ ಮೈಯ ತೂಕದ ಎರಡು ಪಟ್ಟಿಗೂ ಹೆಚ್ಚಿನ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಆ ಭಾರವನ್ನು ಹಗ್ಗದಂತೆ ಹಿಡಿಯುವುದು ಕಾಲ ಹಿಂಬದಿಯ ಟೆಂಡನ್. ಅದಕ್ಕೆ ರಕ್ತದ ಓಡಾಟ ಕಡಿಮೆ, ಹಾಗಾಗಿ ಹರಿದರೆ ಮಾಯುವುದು ತಡ. ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಮಾಯ್ದ ಜಾಗ ಮೊದಲಿನಷ್ಟು ಹಿಗ್ಗುವುದಿಲ್ಲ, ಅದಕ್ಕೇ ಮತ್ತೆ ಅಲ್ಲೇ ಏಟಾಗುತ್ತದೆ.

ಇದನ್ನು ಮೊದಲು ಕಂಡುಹಿಡಿಯುವುದು ಸ್ಕ್ಯಾನ್ ಅಲ್ಲ, ಸೈಸ್‌ನ ಅಂಗೈ. ಬೆಳಗ್ಗೆ ಕುದುರೆ ಲಾಯದಿಂದ ಹೊರಡುವ ಮೊದಲು ಅವನು ಎಡಗಡೆಯಿಂದ ಬಂದು, ಮೊದಲು ಹೆಗಲ ಮೇಲೆ ಕೈಯಿಟ್ಟು, ಬಗ್ಗಿ, ಮಂಡಿಯ ಹಿಂದಿನಿಂದ ಗೊರಸಿನ ಮೇಲಿನ ಗಂಟಿನವರೆಗೆ ಕೈ ಇಳಿಸುತ್ತಾನೆ. ಆಮೇಲೆ ಮತ್ತೊಂದು ಕಾಲು. ಆರೋಗ್ಯದ ಟೆಂಡನ್ ಬೆರಳಿಗೆ ತಂಪಾಗಿ, ಬಿಗಿಯಾಗಿ, ಎರಡೂ ಅಂಚು ಸ್ಪಷ್ಟವಾಗಿ ಸಿಗುತ್ತದೆ. ಅಂಚು ಮಸುಕಾಗಿ, ಒಂದು ಕಡೆ ಬೆಚ್ಚಗೆ, ಒತ್ತಿದರೆ ಕುದುರೆ ಕಾಲು ಎಳೆದುಕೊಂಡರೆ ಅವತ್ತಿನ ತಾಲೀಮು ಬಂದ್. ಕುದುರೆ ಕುಂಟದೇ ಇರಬಹುದು, ಆದರೂ ಬಂದ್. ಕಾಲಿಗೆ ಸುತ್ತಿದ ಪಟ್ಟಿ ಬಿಚ್ಚಿದ ಕೂಡಲೇ ಮುಟ್ಟಿ ತೀರ್ಮಾನಿಸಬೇಡ, ಆಗ ಎರಡೂ ಕಾಲು ಬೆಚ್ಚಗೇ ಇರುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ಹೋಲಿಸು. ಇದನ್ನು ಸೈಸ್ ಹತ್ತಿರ ಕೇಳಿ ಕಲಿ, ಅವನ ಹೆಸರು ತಿಳಿದುಕೋ. ಗೆದ್ದ ದಿನ ಟ್ರೇನರ್‌ಗೂ ಜಾಕಿಗೂ ಎಲ್ಲರೂ ಕೈಕುಲುಕುತ್ತಾರೆ. ಆ ಕುದುರೆಯನ್ನು ಓಡುವಂತೆ ಉಳಿಸಿದವನು ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿರುತ್ತಾನೆ.

ಕಾಲು ಬಿಟ್ಟರೆ ಇನ್ನೆರಡು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದಕ್ಕೇ ಕಾಲಿಕ್ ಎನ್ನುವ ಹೊಟ್ಟೆಶೂಲೆ ಪ್ರಾಣಕ್ಕೇ ಬರಬಹುದು. ನೆಲ ಕೆರೆಯುವುದು, ಹೊಟ್ಟೆಯ ಕಡೆ ತಿರುಗಿ ನೋಡುವುದು, ಹೊರಳುವುದು ಕಂಡರೆ ವೈದ್ಯರಿಗೆ ಫೋನು ಆಗಲೇ ಹೋಗಬೇಕು, ಹತ್ತು ಜನರ ಒಪ್ಪಿಗೆಗೆ ಕಾಯುವಂತಿಲ್ಲ. ಇನ್ನೊಂದು ಶ್ವಾಸಕೋಶದಿಂದ ರಕ್ತ ಬರುವುದು. ಓಡಿದ ಮೇಲೆ ಮೂಗಿನಲ್ಲಿ ರಕ್ತ ಕಂಡರೆ ನಿಗದಿತ ಅವಧಿ ಓಡಿಸುವಂತಿಲ್ಲ, ಮರುಕಳಿಸಿದರೆ ಓಟದ ಬದುಕೇ ಮುಗಿಯಬಹುದು.

ಪಾಲಿನ ಕುದುರೆ ಎಂದಾಗಲೆಲ್ಲ ಆಸ್ಟ್ರೇಲಿಯಾದ ಬ್ಲ್ಯಾಕ್ ಕೇವಿಯರ್ ಹೆಸರು ಬರುತ್ತದೆ. ಗೆಳೆಯರ ಗುಂಪು 2,10,000 ಡಾಲರ್‌ಗೆ ಕೊಂಡದ್ದು, 25 ಓಟ, 25 ಗೆಲುವು. ಅದು ನೂರು ವರ್ಷಕ್ಕೊಂದು, ಅದನ್ನು ನೋಡಿ ಲೆಕ್ಕ ಹಾಕಬೇಡ. ವೇಲ್ಸ್‌ನ ಡ್ರೀಮ್ ಅಲಯನ್ಸ್ ನೋಡು. ಕೆವ್ನ್ ಫಾರೆಸ್ಟ್ ಎಂಬ ಹಳೆಯ ಗಣಿ ಊರಲ್ಲಿ ಜ್ಯಾನೆಟ್ ವೋಕ್ಸ್ ಎಂಬಾಕೆ 350 ಪೌಂಡಿಗೆ ಒಂದು ಹೆಣ್ಣು ಕುದುರೆ ಕೊಂಡು, ಅದರ ಮರಿಯನ್ನು ಊರಿನ ತರಕಾರಿ ತೋಟದಲ್ಲಿ ಬೆಳೆಸಿದಳು. ಊರವರು 23 ಜನ ಸೇರಿ ವಾರಕ್ಕೆ 10 ಪೌಂಡ್ ಹಾಕಿದರು. 2008ರಲ್ಲಿ ಇಂಗ್ಲೆಂಡಿನ ಏಂಟ್ರಿ ರೇಸ್ ಮೈದಾನದಲ್ಲಿ ಅದರ ಟೆಂಡನ್ ಹರಿಯಿತು. ಗೆದ್ದ ಹಣದಲ್ಲೇ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರು, ಕಾದರು. 2009ರ ಡಿಸೆಂಬರ್‌ನಲ್ಲಿ ಆ ಕುದುರೆ ಚೆಪ್‌ಸ್ಟೋದಲ್ಲಿ ವೆಲ್ಷ್ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. ಒಟ್ಟು ಗಳಿಕೆ 1,38,646 ಪೌಂಡ್. ಎಲ್ಲ ಖರ್ಚು ಕಳೆದು ಒಬ್ಬೊಬ್ಬರಿಗೆ ಉಳಿದದ್ದು 1,430 ಪೌಂಡ್. ಒಂದು ದೇಶದ ದೊಡ್ಡ ಓಟವನ್ನೇ ಗೆದ್ದ ಕುದುರೆಯ ಲೆಕ್ಕ ಇದು. ನನಗೆ ಇದರಲ್ಲಿ ಹಿಡಿಸುವುದು ಗೆಲುವಿಗಿಂತ ಹೆಚ್ಚಾಗಿ ಕಾಲು ಹರಿದಾಗಿನ ತೀರ್ಮಾನ. ಅಲ್ಲೇ ಕೈಬಿಡಬಹುದಿತ್ತು, ಎಲ್ಲರೂ ಸೇರಿ ಬಿಡಲಿಲ್ಲ.

ನಿಮ್ಮ ಹತ್ತು ಜನ ಅಂಥ ದಿನ ಏನು ಮಾಡುತ್ತೀರಿ? ಆ ಉತ್ತರ ಇವತ್ತೇ ಕಾಗದದ ಮೇಲೆ ಬರಬೇಕು. ಸ್ಟಾಂಪ್ ಪೇಪರ್ ಮೇಲೆ ಕರಾರು ಮಾಡಿಸಿ. ಕುದುರೆಯ ಪಾಸ್‌ಪೋರ್ಟ್ ಸಂಖ್ಯೆ, ಮೈಕ್ರೋಚಿಪ್ ಸಂಖ್ಯೆ, ಯಾರದು ಎಷ್ಟು ಪಾಲು ಎಂಬುದು ಇರಲಿ. ಟ್ರೇನರ್ ಜೊತೆ ಮಾತಾಡುವವರು ಒಬ್ಬರೇ ಇರಲಿ. ಹತ್ತು ಜನ ಹತ್ತು ಸಲ ಫೋನು ಮಾಡಿದರೆ ಟ್ರೇನರ್ ಯಾರ ಮಾತನ್ನೂ ಕೇಳುವುದಿಲ್ಲ. ತುರ್ತು ಚಿಕಿತ್ಸೆಗೆ ಆ ಒಬ್ಬರಿಗೆ ಪೂರ್ತಿ ಅಧಿಕಾರ. ತುರ್ತಲ್ಲದ ಖರ್ಚು 25,000 ದಾಟಿದರೆ ಬಹುಮತ. ಗುಂಪಿಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಅದರಲ್ಲಿ ಯಾವಾಗಲೂ ಮೂರು ತಿಂಗಳ ಖರ್ಚು ಮುಂಗಡ. ತಿಂಗಳ 5ನೇ ತಾರೀಖಿನೊಳಗೆ ಹಣ ಹಾಕದವರಿಗೆ ಹದಿನೈದು ದಿನ ಸಮಯ, ಎರಡು ತಿಂಗಳು ತಪ್ಪಿದರೆ ಅವರ ಪಾಲು ಉಳಿದವರಿಗೆ, ಯಾವ ಬೆಲೆಗೆ ಎಂಬುದೂ ಬರೆದಿರಲಿ. ಇದು ಕಟುವಾಗಿ ಕಾಣುತ್ತದೆ. ಆದರೆ ಲಾಯಕ್ಕೂ ರೇಸ್ ಕ್ಲಬ್ಬಿಗೂ ಬಾಕಿ ಉಳಿದಾಗ ಅವರು ಕೊಡದವನನ್ನು ಹುಡುಕಿಕೊಂಡು ಹೋಗುವುದಿಲ್ಲ, ಹೊಣೆ ಎಲ್ಲ ಪಾಲುದಾರರ ಮೇಲೂ ಬರುತ್ತದೆ. ಸ್ನೇಹ ಕೆಡುವುದು ಕುದುರೆ ಸೋತಾಗ ಅಲ್ಲ, ಒಬ್ಬನ ಬಾಕಿಯನ್ನು ಇನ್ನೊಬ್ಬ ತುಂಬಿದಾಗ. ಪಾಲು ಮಾರುವವರು ಮೊದಲು ಒಳಗಿನವರನ್ನೇ ಕೇಳಬೇಕು. ಹೊರಗಿನವರು ಬಂದರೆ ಮಾಲೀಕರಾಗಿ ಅವರ ಹೆಸರನ್ನು ಕ್ಲಬ್ ಒಪ್ಪಬೇಕು. ಕುದುರೆ ಸತ್ತರೆ ಸಿಗುವ ವಿಮೆ ಮಾಡಿಸುತ್ತೀರೋ ಇಲ್ಲವೋ ಅದನ್ನೂ ಬರೆಯಿರಿ.

ತೆರಿಗೆಯ ವಿಷಯ ಚಿಕ್ಕದು. ರೇಸ್ ಕುದುರೆ ಸಾಕಿದ್ದರಿಂದಾದ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ರೇಸ್ ಕುದುರೆಯ ಆದಾಯದಲ್ಲೇ ಕಳೆಯಬೇಕು, ಅದೂ ನಾಲ್ಕು ವರ್ಷದೊಳಗೆ, ರಿಟರ್ನ್ ಸಮಯಕ್ಕೆ ಸಲ್ಲಿಸಿದ್ದರೆ. ಬಿಲ್ಲುಗಳನ್ನೆಲ್ಲ ಫೈಲಿನಲ್ಲಿಡು. ಬಾಜಿ ಕಟ್ಟುವುದು ಬೇರೆಯದೇ ವ್ಯವಹಾರ. ಬಾಜಿಯ ಪೂರ್ತಿ ಮೊತ್ತದ ಮೇಲೆ ಮೊದಲು ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ನೀನು ಬಾಜಿ ಕಟ್ಟದಿದ್ದರೂ ಇದು ನಿನಗೆ ತಾಗುತ್ತದೆ, ಬಾಜಿ ಇಳಿದರೆ ಕ್ಲಬ್ಬಿನ ವರಮಾನ ಇಳಿಯುತ್ತದೆ, ಅದರ ಹಿಂದೆ ಸ್ಟೇಕ್ ಹಣ. ನಿನ್ನ ಕುದುರೆಯ ಮೇಲೆ ನೀನು ಬಾಜಿ ಕಟ್ಟಬೇಡ. ಸೋತ ದಿನ ಕುದುರೆಯ ಮುಖ ನೋಡಲು ಮನಸ್ಸು ಬರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಯಾಕೆ ಬೇಡ ಎನ್ನುತ್ತಿಲ್ಲ ಗೊತ್ತೇ? ಇದರ ಸುಖ ರೇಸಿನ ದಿನಕ್ಕೆ ಕಾಯುವುದಿಲ್ಲ. ಇನ್ನೂ ಮಬ್ಬು ಹರಿಯದ ಬೆಳಗ್ಗೆ ಮರಳಿನ ಟ್ರ್ಯಾಕಿನ ಪಕ್ಕ ನಿಂತರೆ ಮೊದಲು ಕುದುರೆ ಕಾಣುವುದಿಲ್ಲ, ಉಸಿರು ಕೇಳುತ್ತದೆ. ಕ್ಯಾಂಟರ್‌ನಲ್ಲಿ ಒಂದು ಹೆಜ್ಜೆಗೆ ಒಂದು ಉಸಿರು, ಗರಗಸದಂತೆ ಲಯವಾಗಿ. ಮಾರನೆಯ ದಿನ ಪತ್ರಿಕೆಯ ತಾಲೀಮಿನ ಅಂಕಣದಲ್ಲಿ ಅವಳ ಹೆಸರು, 600 ಮೀಟರ್‌ಗೆ ಎಷ್ಟು ಸೆಕೆಂಡು, ಪಕ್ಕದಲ್ಲಿ "ಈಸಿ" (ಸಲೀಸಾಗಿ ಓಡಿದಳು) ಎಂಬ ಒಂದು ಪದ. ಆ ಒಂದು ಪದಕ್ಕೆ ಹತ್ತು ಜನ ದಿನವಿಡೀ ಖುಷಿಯಾಗಿರುತ್ತಾರೆ. ರೇಸಿನ ದಿನ ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಿಸುವ ಪ್ಯಾಡಕ್‌ನಲ್ಲಿ ಅವಳು ಕಿವಿ ಮುಂದಿಟ್ಟು ಸುತ್ತು ಬರುವಾಗ ನಾಲ್ಕನೇ ಸ್ಥಾನ ಬಂದರೂ ಸಾಕು ಅನ್ನಿಸುತ್ತದೆ, ನಿಜವಾಗಿಯೂ ಅನ್ನಿಸುತ್ತದೆ.

ಹೆಣ್ಣು ಕುದುರೆ ಆರಿಸಿದ್ದು ಒಳ್ಳೆಯದಾಯಿತು. ವಂಶ ಚೆನ್ನಾಗಿದ್ದರೆ ಓಟ ಮುಗಿದ ಮೇಲೆ ಕುದುರೆ ತಳಿ ಬೆಳೆಸುವ ಸ್ಟಡ್ ಫಾರಂಗೆ ತಾಯಿಯಾಗಿ ಹೋಗಬಲ್ಲಳು. ಬೀಜ ಒಡೆದ ಗಂಡಿಗೆ ಆ ದಾರಿಯಿಲ್ಲ, ಸವಾರಿ ಶಾಲೆಯನ್ನೋ ಪೊಲೀಸ್ ಅಶ್ವದಳವನ್ನೋ ಹುಡುಕಬೇಕು. ಆದರೂ ಕರಾರಿನಲ್ಲಿ ಕೊನೆಯದಾಗಿ ಒಂದು ಸಾಲು ಸೇರಿಸಿ: ಓಟ ಮುಗಿದ ಮೇಲೂ ಅವಳಿಗೆ ನೆಲೆ ಸಿಗುವವರೆಗೆ ಖರ್ಚು ಹತ್ತೂ ಜನರದು, ಅದಕ್ಕೆ ಮೊದಲ ತಿಂಗಳಿಂದಲೇ ತಲಾ 500 ರೂಪಾಯಿ ಬೇರೆ ಇಡುವುದು. ಕುದುರೆ ಇಪ್ಪತ್ತೈದು ವರ್ಷ ಬದುಕುತ್ತದೆ, ಓಡುವುದು ನಾಲ್ಕೈದು ವರ್ಷ. ಆ ಸಾಲಿಗೆ ಯಾರಾದರೂ ತಕರಾರು ತೆಗೆದರೆ ಆ ಗುಂಪಿನಲ್ಲಿ ನೀನು ಸೇರಬೇಡ.

ಹಣ ಕೊಡುವ ಮೊದಲು ಮಾರುವವರ ಕಡೆಯವರಲ್ಲದ ವೈದ್ಯರಿಂದ ಪರೀಕ್ಷೆ ಮಾಡಿಸಿ. ಮಂಡಿ ಮತ್ತು ಗಂಟಿನ ಎಕ್ಸ್‌ರೇ, ಎದೆಬಡಿತ, ಗಂಟಲಿಗೆ ಎಂಡೋಸ್ಕೋಪ್. ಗಟ್ಟಿ ನೆಲದ ಮೇಲೆ ಅವಳನ್ನು ನೇರ ನಡೆಸಿ, ಮುಂದಿನಿಂದಲೂ ಹಿಂದಿನಿಂದಲೂ ನೋಡಿ. ನೀನೂ ಅಲ್ಲಿರು. ಚಪ್ಪಲಿ ಬೇಡ, ಶೂ ಹಾಕಿಕೊಂಡು ಹೋಗು. ಆಮೇಲೆ ಕರಾರಿನ ಕರಡು ನನಗೆ ಕಳಿಸು, ಸಹಿ ಹಾಕುವ ಮೊದಲು.

ನಿನ್ನ
ಅಮ್ಮ