ರೆಫರಿ ಮೇಡಂಗೆ, ಮತ್ತು ಉಳಿದ ಎಲ್ಲರಿಗೂ

ನಮ್ಮೂರಿನ ಟೆನಿಸ್ ಟೂರ್ನಮೆಂಟ್ ಮುಗಿಯಿತು. ಅಣ್ಣನೂ ಮನೆಗೆ ಬಂದಿದ್ದಾನೆ. ಗಂಜಿ ಬೇಡ, ರೊಟ್ಟಿನೇ ಬೇಕು ಅಂತ ಅತ್ತಿಗೆ ಜೊತೆ ಜಗಳ ತೆಗೆಯುವಷ್ಟು ಹುಷಾರಾಗಿದ್ದಾನೆ. ಅವನಿಗೆ ಏನಾಗಿತ್ತು, ಡಾಕ್ಟರು ಏನಂದರು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಫೋನ್ ಮಾಡಿದ ಎಲ್ಲರಿಗೂ ಆಗ ಸರಿಯಾಗಿ ಮಾತಾಡಲು ಆಗಲಿಲ್ಲ. ಈಗ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ಅಂಡರ್-14 ರ‍್ಯಾಂಕಿಂಗ್ ಟೂರ್ನಿಯನ್ನು, ಅಂದರೆ ಹದಿನಾಲ್ಕು ವರ್ಷದೊಳಗಿನ ಮಕ್ಕಳು ರ‍್ಯಾಂಕಿಂಗಿಗೆ ಪಾಯಿಂಟು ಗಳಿಸುವ ಟೂರ್ನಿಯನ್ನು, ನಮ್ಮೂರಿಗೆ ತರಬೇಕು ಅನ್ನೋದು ಅಣ್ಣನ ಹಠ. ಅರ್ಜಿ ಬರೆದವನು ಅವನು, ಕೋರ್ಟಿನ ಫೋಟೊ ಕಳಿಸಿದವನು ಅವನು, ಬೆಂಗಳೂರಿಗೆ ಹೋಗಿ ಬಂದವನೂ ಅವನೇ. ಎಲ್ಲಾ ಸರಿಹೋಗಿ, ಟೂರ್ನಿಯ ವಿವರಗಳ ಫ್ಯಾಕ್ಟ್ ಶೀಟ್ ಹೊರಬಿದ್ದು, ಎಂಟ್ರಿಗಳು ಬಂದ ಮೇಲೆ ಅವನು ಆಸ್ಪತ್ರೆ ಸೇರಿದ. ಕ್ಲಬ್ ಕೀಲಿ ಕೈ ನನ್ನ ಕೈಗೆ ಬಂತು. ನಾನು ಬ್ಯಾಂಕಿನಲ್ಲಿ ಲೆಕ್ಕ ನೋಡುವವಳು. ಟೆನಿಸ್ ಅಂದರೆ 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅಣ್ಣನ ಜೊತೆ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದ್ದು, ಅಷ್ಟೇ ನನಗೆ ಗೊತ್ತಿದ್ದದ್ದು.

ಒಂದು ಟೂರ್ನಿಯ ಹಿಂದೆ ಎಷ್ಟು ಮೆಟ್ಟಿಲುಗಳಿವೆ ಅಂತ ಆಮೇಲೆ ತಿಳಿಯಿತು. ಮೇಲೆ 1913ರಲ್ಲಿ ಶುರುವಾದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಇದೆ. ಅದರ ಕೆಳಗೆ ನಮ್ಮ ಅಖಿಲ ಭಾರತ ಟೆನಿಸ್ ಸಂಸ್ಥೆ, ಅಂದರೆ ಎಐಟಿಎ. ಅದು ಹುಟ್ಟಿದ್ದು 1920ರಲ್ಲಿ. ಅದರ ಕೆಳಗೆ ರಾಜ್ಯ ಸಂಸ್ಥೆಗಳು. ನಮಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ, ಅಂದರೆ ಕೆಎಸ್‌ಎಲ್‌ಟಿಎ. ಅದರ ಕೆಳಗೆ ಜಿಲ್ಲೆ, ಜಿಲ್ಲೆಯ ಕೆಳಗೆ ನಮ್ಮಂಥ ಮಣ್ಣಿನ ಕೋರ್ಟಿನ ಕ್ಲಬ್ಬು. ಪಾಯಿಂಟು, ರ‍್ಯಾಂಕಿಂಗು, ಕ್ಯಾಲೆಂಡರು ಎಲ್ಲಾ ಮೇಲಿಂದ ಬರುತ್ತದೆ. ಚೆಂಡು, ಊಟ, ಅಧಿಕಾರಿಗಳ ಫೀಸು, ರೂಮಿನ ಬಾಡಿಗೆ ನಮ್ಮ ಜೇಬಿನಿಂದ ಹೋಗುತ್ತದೆ. ಇದನ್ನು ದೂರು ಅಂದುಕೊಂಡರೂ ಅಡ್ಡಿಯಿಲ್ಲ.

ದೆಹಲಿಯ ಸುದ್ದಿ ನಾವೂ ಓದುತ್ತೇವೆ. 2024ರ ಸೆಪ್ಟೆಂಬರಿನಲ್ಲಿ ಎಐಟಿಎ ಚುನಾವಣೆ ನಡೆಯಿತು, ಫಲಿತಾಂಶ ಮಾತ್ರ ಹೈಕೋರ್ಟ್ ಆದೇಶದಂತೆ ಮುಚ್ಚಿದ ಲಕೋಟೆ ಸೇರಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕ್ರೀಡಾ ಆಡಳಿತದ ಹೊಸ ಕಾಯ್ದೆಯನ್ನೇ ಪಾಸು ಮಾಡಿತು. ಅಷ್ಟೆಲ್ಲ ನಡೆಯುವಾಗಲೂ ಪ್ರತಿ ಶುಕ್ರವಾರ ಸಂಜೆ ದೇಶದ ಯಾವುದೋ ಊರಿನ ಕ್ಲಬ್ಬಿನಲ್ಲಿ ಮಕ್ಕಳು ಸಾಲಾಗಿ ನಿಂತು ಸೈನ್-ಇನ್, ಅಂದರೆ ಆಡಲು ಬಂದಿದ್ದೇವೆ ಅಂತ ಸಹಿ, ಮಾಡುತ್ತಲೇ ಇರುತ್ತಾರೆ. ಅದನ್ನು ನಡೆಸುವವರು ಯಾರು ಅಂತ ನಾನು ಕಣ್ಣಾರೆ ನೋಡಿದೆ. ಈ ಬರಹ ಬಹುಪಾಲು ಅವರಿಗೇ.

ಟೂರ್ನಿಯನ್ನು ನಿಯಮದಂತೆ ನಡೆಸಲು ಹೊರಗಿನಿಂದ ಬಂದ ರೆಫರಿ ಮೇಡಂ ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕುವುದಿಲ್ಲ.

ಅವರು ಬಂದಿಳಿದಾಗ ಕೈಯಲ್ಲಿ ಒಂದು ಬ್ಯಾಗು, ಒಂದು ಛತ್ರಿ, ನೆಟ್ಟಿನ ಎತ್ತರ ಅಳೆಯುವ ಕೋಲು. ನಮಸ್ಕಾರ ಹೇಳುವುದಕ್ಕೂ ಮುಂಚೆ ಕೋರ್ಟಿಗೆ ಇಳಿದರು. ನೆಟ್ಟಿನ ನಡುಮಧ್ಯ 91.4 ಸೆಂ.ಮೀ. ಇರಬೇಕಂತೆ. ನಮ್ಮದು ಕೆಳಗಿತ್ತು. ಕೋರ್ಟು ನೋಡಿಕೊಳ್ಳುವ ಮಾರ್ಕರ್ ಅಣ್ಣನಿಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ನಾನೇ ಕಟ್ಟೋದು, ಯಾರೂ ಏನೂ ಅಂದಿಲ್ಲ ಅಂದ. ಮೇಡಂ ನಕ್ಕು, "ಹಾಗಾದ್ರೆ ಇವತ್ತೂ ನೀವೇ ಕಟ್ಟಿ ಅಣ್ಣಾ, ನಾನು ಕೋಲು ಹಿಡೀತೀನಿ" ಅಂದರು. ಅಲ್ಲಿಂದ ಅವನು ಅವರ ಶಿಷ್ಯ.

ಸೈನ್-ಇನ್ ಸಮಯ ಮುಗಿದ ಮೇಲೆ ಒಬ್ಬರು ಮಗನನ್ನು ಕರೆದುಕೊಂಡು ಬಂದರು. ದೂರದಿಂದ ಬಂದಿದ್ದರು, ದಾರಿಯಲ್ಲಿ ಟೈರ್ ಪಂಕ್ಚರ್. ನನಗೆ ಹೊಟ್ಟೆ ಚುರುಕ್ ಅಂತು, ಸೇರಿಸಿಕೊಳ್ಳೋಣ ಅಂದೆ. ಮೇಡಂ ಪಟ್ಟಿ ತಿರುಗಿಸಿ ಕೊನೆಯ ಹೆಸರು ತೋರಿಸಿದರು. "ಈಗ ಬಂದವನನ್ನು ಸೇರಿಸಿದರೆ ಈ ಹುಡುಗ ಹೊರಗೆ ಹೋಗಬೇಕಮ್ಮ. ಇವನು ಮಧ್ಯಾಹ್ನದಿಂದ ಇಲ್ಲೇ ಕೂತಿದ್ದಾನೆ. ಯಾರು ಹೇಳ್ತೀರಿ ಅವನಿಗೆ?" ಅಂದರು. ನಾನು ಸುಮ್ಮನಾದೆ. ಆಮೇಲೆ ಅವರೇ ಎದ್ದು ಹೋಗಿ ಆ ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಹುಡುಗನಿಗೆ ಡಬಲ್ಸ್ ಜೊತೆಗಾರ ಹುಡುಕಿಕೊಟ್ಟರು.

ಡ್ರಾ, ಅಂದರೆ ಯಾರ ಮೇಲೆ ಯಾರು ಆಡಬೇಕು ಅನ್ನೋ ಪಟ್ಟಿ, ಎಲ್ಲರ ಮುಂದೆಯೇ ಆಯಿತು. 32ರ ಡ್ರಾದಲ್ಲಿ ಮೊದಲ ಸೀಡ್, ಅಂದರೆ ರ‍್ಯಾಂಕಿಂಗಿನಲ್ಲಿ ಎಲ್ಲರಿಗಿಂತ ಮುಂದಿರುವವರು, ಮೇಲಿನ ತುದಿಗೆ, ಎರಡನೆಯದು ಕೆಳಗಿನ ತುದಿಗೆ. ಮಿಕ್ಕ ಸೀಡುಗಳಿಗೆ ಗೊತ್ತುಪಡಿಸಿದ ಸಾಲುಗಳಿವೆ, ಯಾವುದಕ್ಕೆ ಯಾರು ಅನ್ನೋದನ್ನು ಮಾತ್ರ ಚೀಟಿ ಹೇಳಬೇಕು. ಉಳಿದ ಹೆಸರೆಲ್ಲ ಚೀಟಿಯಲ್ಲೇ. ಚೀಟಿ ಎತ್ತಿದ್ದು ಮಕ್ಕಳೇ. ಅದಾಗಿ ಅರ್ಧ ಗಂಟೆಗೆ ನಮ್ಮೂರಿನ ದೊಡ್ಡ ಮನುಷ್ಯರೊಬ್ಬರ ಫೋನ್ ಬಂತು, ಮೊಮ್ಮಗನಿಗೆ ಸ್ವಲ್ಪ ಸುಲಭದ ಎದುರಾಳಿ ಸಿಗುವ ಹಾಗೆ ನೋಡಿ ಅಂತ. ಬೆಳಗಾದರೆ ಅವರ ಮುಖ ನೋಡಬೇಕಾದವರು ನಾವು. ನಾನು ಫೋನನ್ನು ಮೇಡಂ ಕೈಗೆ ಕೊಟ್ಟೆ. "ಡ್ರಾ ಮುಗಿದಿದೆ ಸಾರ್, ಇನ್ನು ನನಗೂ ಬದಲಾಯಿಸೋ ಅಧಿಕಾರ ಇಲ್ಲ" ಅಂದರು, ಅಷ್ಟೇ. ನಾವೇ ಹೇಳಿದ್ದರೆ ವರ್ಷಗಟ್ಟಲೆ ವೈರ. ಹೊರಗಿನವರು ಪುಸ್ತಕ ಹಿಡಿದು ಹೇಳಿದ್ದಕ್ಕೆ ಅವರು ಮರುದಿನ ಬಂದು ಮೊಮ್ಮಗನ ಆಟ ನೋಡಿ, ನಮ್ಮ ಉಪ್ಪಿಟ್ಟು ತಿಂದು ಹೋದರು. ರಾಷ್ಟ್ರೀಯ ಸಂಸ್ಥೆ ಅಂತ ಒಂದು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಫೋನಿನ ಕಥೆ ಹೇಳುತ್ತೇನೆ.

ಭಾನುವಾರ ಸಂಜೆ ಹಿಂಗಾರು ಮಳೆ ಬಂತು. ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತು ಅರ್ಧಕ್ಕೆ ನಿಂತಿತು. ಅದರಲ್ಲಿ ಗೆದ್ದವರನ್ನು ಸೇರಿಸಿಕೊಂಡು ಸೋಮವಾರ ಮೇನ್ ಡ್ರಾ, ಅಂದರೆ ಮುಖ್ಯ ಪಂದ್ಯಗಳು, ಶುರುವಾಗಬೇಕು. ಕೋರ್ಟು ಕೆರೆಯಾಗಿತ್ತು. ಗೆರೆಯ ಟೇಪು ಸಡಿಲವಾಗಿ ಮೊಳೆಗಳು ಎದ್ದಿದ್ದವು. ಪೋಷಕರು ಆಫೀಸ್ ಬಾಗಿಲಲ್ಲಿ ಗುಂಪು ಸೇರಿ, ರೈಲಿಗೆ ಟಿಕೆಟ್ ಆಗಿದೆ, ಶಾಲೆಯಲ್ಲಿ ಪರೀಕ್ಷೆ ಇದೆ ಅಂತ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಆಗ ಅತ್ತಿಗೆ ಫೋನ್ ಮಾಡಿದರು. ಅಣ್ಣನನ್ನು ಮತ್ತೆ ಒಳಗೆ ತೆಗೆದುಕೊಂಡು ಹೋಗಿದ್ದಾರೆ, ಏನೂ ಹೇಳುತ್ತಿಲ್ಲ ಅಂದರು. ನಗರಕ್ಕೆ ಹೋಗುವ ಕೊನೆಯ ಬಸ್ಸು ಹೋಗಿಯಾಗಿತ್ತು. ಆ ಮಳೆಯಲ್ಲಿ ಘಾಟಿ ದಾಟಲು ಯಾವ ಡ್ರೈವರೂ ಒಪ್ಪಲಿಲ್ಲ.

ಮೇಡಂ ಪೋಷಕರನ್ನೆಲ್ಲ ಸಮಾಧಾನ ಮಾಡಿ ಕಳಿಸಿದರು. ಅವರ ರೂಮು ಬಸ್ ಸ್ಟ್ಯಾಂಡ್ ಹತ್ತಿರ. ಕಾರು ಕಾಯುತ್ತಿತ್ತು. ಅದನ್ನೂ ಕಳಿಸಿಬಿಟ್ಟರು.

ಆ ರಾತ್ರಿ ನಾನು ಏನೇನು ಮಾತಾಡಿದೆ ಅಂತ ಪೂರ್ತಿ ನೆನಪಿಲ್ಲ. ಒಂದು ನೆನಪಿದೆ. ಈ ಕ್ಲಬ್ಬಿಗೆ ಬೆಂಕಿ ಬೀಳಲಿ ಅಂದೆ. ಇದಕ್ಕೇ ಓಡಾಡಿ ಓಡಾಡಿ ಅವನು ಹೀಗಾದ, ಅವನಿಲ್ಲದ ಮೇಲೆ ಈ ನೆಟ್ಟು ಈ ಚೆಂಡು ಯಾರಿಗೆ ಬೇಕು ಅಂತ ಕೂಗಿದೆ. ಅವನಿಲ್ಲದ ಮೇಲೆ ಅಂತ ನನ್ನ ಬಾಯಿಂದಲೇ ಬಂದಿತ್ತು. ಅದನ್ನು ಕೇಳಿ ನನಗೇ ಕೈಕಾಲು ತಣ್ಣಗಾಯಿತು. ಬರೆಯುವಾಗ ಈಗಲೂ ಆಗುತ್ತಿದೆ.

ಮೇಡಂ ಏನೂ ಅನ್ನಲಿಲ್ಲ. ಧೈರ್ಯ ತಗೋ, ದೇವರಿದ್ದಾನೆ, ಯಾವುದೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, ಪಂದ್ಯಗಳ ಹೊಸ ವೇಳಾಪಟ್ಟಿ ಬರೆಯಲು ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿದರು. "ನೀನು ಹೆಸರು ಓದಮ್ಮ, ನಾನು ಬರೀತೀನಿ" ಅಂದರು. ಫೋನು ಮಧ್ಯದಲ್ಲಿ ಇಟ್ಟರು, ಇಬ್ಬರಿಗೂ ಕಾಣುವ ಹಾಗೆ.

ನಾನು ಓದಿದೆ. ಅವರು ಬರೆದರು, ಅಳಿಸಿದರು, ಮತ್ತೆ ಬರೆದರು. ಯಾಕೆ ಅಳಿಸಿದಿರಿ ಅಂತ ಕೇಳಿದರೆ ವಿವರಿಸುತ್ತಿದ್ದರು. ಒಂದು ಗಂಟೆಯೊಳಗೆ ಮುಗಿದ ಪಂದ್ಯಕ್ಕೆ ಅರ್ಧ ಗಂಟೆ ವಿಶ್ರಾಂತಿ. ಒಂದೂವರೆ ಗಂಟೆವರೆಗೆ ಎಳೆದರೆ ಒಂದು ಗಂಟೆ. ಅದನ್ನೂ ದಾಟಿದರೆ ಒಂದೂವರೆ ಗಂಟೆ. ಎಷ್ಟೇ ಮಳೆ ಬರಲಿ, ಒಂದು ಮಗು ದಿನಕ್ಕೆ ಎರಡಕ್ಕಿಂತ ಜಾಸ್ತಿ ಸಿಂಗಲ್ಸ್ ಆಡಬಾರದು. "ದೊಡ್ಡವರ ಅವಸರಕ್ಕೆ ಮಕ್ಕಳ ಮೊಣಕಾಲು ಯಾಕೆ ಹೋಗಬೇಕು?" ಅಂದರು. ಇದೆಲ್ಲ ನನಗೆ ಹೇಳುವ ಅಗತ್ಯ ಅವರಿಗೆ ಇರಲಿಲ್ಲ. ನನ್ನ ತಲೆಗೆ ಒಂದು ಕೆಲಸ ಬೇಕಿತ್ತು, ಅದನ್ನು ಕೊಡುತ್ತಿದ್ದರು. ಆಗ ಗೊತ್ತಾಗಲಿಲ್ಲ.

ನಡುರಾತ್ರಿ ಕಳೆದ ಮೇಲೆ ಹಳೇ ಕಥೆ ಹೇಳಿದರು. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸರ್ಬಿಯಾ ಮೇಲಿನ ಡೇವಿಸ್ ಕಪ್. ಅವರು ಆಗ ಗ್ಯಾಲರಿಯಲ್ಲಿದ್ದರಂತೆ. ಭಾರತ ಮೊದಲ ದಿನ ಎರಡೂ ಪಂದ್ಯ ಸೋತಿತ್ತು. ಪೇಸ್ ಮತ್ತು ಬೋಪಣ್ಣ ಎರಡು ಸೆಟ್ ಹಿಂದೆ ಬಿದ್ದು ಡಬಲ್ಸ್ ಗೆದ್ದರು. ಸೋಮ್‌ದೇವ್ ಐದು ಸೆಟ್ಟಿನಲ್ಲಿ ಗೆದ್ದು 2-2 ಮಾಡಿದರು. ಕೊನೆಯ ಪಂದ್ಯದ ನಡುವೆ ಮಳೆ. ಯೂಕಿ ಭಾಂಬ್ರಿ ಆಟ ಸೋಮವಾರಕ್ಕೆ ಹೋಯಿತು. "ದೇಶದ ತಂಡವೇ ಒಂದು ರಾತ್ರಿ ಕಾಯ್ತು, ನಿಮ್ಮ ಅಂಡರ್-14 ಕಾಯಲ್ವಾ?" ಅಂದರು. ನನಗೆ ನಗು ಬಂತು. ಆಮೇಲೆ ಯಾರು ಗೆದ್ದರು ಅಂತ ಕೇಳಿದೆ. "ಸೋತ್ವಿ" ಅಂದರು. ಮತ್ತೂ ನಗು ಬಂತು, ಯಾಕೋ ಗೊತ್ತಿಲ್ಲ.

ಬೆಳಗಿನ ಜಾವ ಅತ್ತಿಗೆ ಫೋನ್ ಬಂತು. ಅಣ್ಣ ಕಣ್ಣು ಬಿಟ್ಟಿದ್ದ. ಮೊದಲು ಕೇಳಿದ್ದು ಅಲ್ಲಿ ಮಳೆ ನಿಂತಿತಾ ಅಂತ. ಮೇಡಂ ಆಗ ಎದ್ದು ಮುಖ ತೊಳೆದುಕೊಂಡು ಬಂದರು. ಅವರ ಕಣ್ಣೂ ಕೆಂಪಗಿತ್ತು. ನಿದ್ದೆಗೆಟ್ಟಿದ್ದಕ್ಕೆ ಅಂತ ಅವರೇ ಹೇಳಿದರು. ಆಯಿತು, ಹಾಗೇ ಇರಲಿ.

ಹೊರಗೆ ಹೋಗಿ ನೋಡಿದರೆ ಮಾರ್ಕರ್ ಅಣ್ಣ ತಮ್ಮ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಸ್ಪಂಜು, ಗೋಣಿಚೀಲದಲ್ಲಿ ನೀರು ಹೀರುತ್ತಿದ್ದ. ಒಣ ಮಣ್ಣು ಹಾಕಿ, ರೋಲರ್ ಎಳೆದು, ಟೇಪು ಹೊಡೆದು, ಹನ್ನೊಂದಕ್ಕೆ ಮೊದಲ ಪಂದ್ಯ ಶುರು. ಅಣ್ಣಾ, ನಿಮಗೂ ನಮಸ್ಕಾರ. ನೆಟ್ಟು ಈಗ ಸರಿಯಾಗಿದೆ.

ಮಿಕ್ಕ ದಿನಗಳಲ್ಲಿ ನಾನು ಬೇಲಿ ಪಕ್ಕ ನಿಂತು ನೋಡುವುದನ್ನು ಕಲಿತೆ. ಇಂಥ ಟೂರ್ನಿಯಲ್ಲಿ ಪ್ರತಿ ಕೋರ್ಟಿಗೂ ಅಂಪೈರ್ ಇರುವುದಿಲ್ಲ. ತಮ್ಮ ಕಡೆಯ ಗೆರೆಯ ತೀರ್ಪು ಮಕ್ಕಳೇ ಕೊಡಬೇಕು. ಅನುಮಾನ ಇದ್ದರೆ ಎದುರಾಳಿಗೆ ಬಿಟ್ಟುಕೊಡಬೇಕು. ಒಂದು ಪಂದ್ಯದಲ್ಲಿ ಇಬ್ಬರು ಹುಡುಗಿಯರಿಗೆ ಸ್ಕೋರಿನ ಬಗ್ಗೆ ಜಗಳವಾಯಿತು. 30-15 ಅಂತ ಒಬ್ಬಳು, 15-30 ಅಂತ ಇನ್ನೊಬ್ಬಳು. ಬೇಲಿಯಾಚೆ ಇಬ್ಬರ ಅಮ್ಮಂದಿರು ಆಗಲೇ ಸೆರಗು ಕಟ್ಟಿದ್ದರು. ಮೇಡಂ ಹೋಗಿ ಒಂದೊಂದೇ ಪಾಯಿಂಟ್ ನೆನಪು ಮಾಡಿಸಿದರು. ಇಬ್ಬರೂ ಒಪ್ಪಿದ್ದು ಉಳಿಯಿತು, ಒಪ್ಪದ ಒಂದು ಪಾಯಿಂಟನ್ನು ಮತ್ತೆ ಆಡಿಸಿದರು. ಎರಡು ನಿಮಿಷದ ಕೆಲಸ. ಹುಡುಗಿಯರು ಮರೆತರು. ಅಮ್ಮಂದಿರು ಊಟದ ಹೊತ್ತಿಗೂ ಮರೆತಿರಲಿಲ್ಲ.

ಕೊನೆಯ ದಿನ ಸಂಜೆ ಅವರು ಬ್ಯಾಗಿನಿಂದ ಕೆಂಪು, ಕಿತ್ತಳೆ, ಹಸಿರು ಬಣ್ಣದ ಚೆಂಡು ತೆಗೆದರು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ವಾರವಿಡೀ ಗೋಡೆ ಮೇಲೆ ಕೂತು ನೋಡುತ್ತಿದ್ದರಲ್ಲ, ಅವರನ್ನು ಒಳಗೆ ಕರೆದರು. ಕೆಂಪು ಚೆಂಡು ಮಾಮೂಲಿ ಚೆಂಡಿಗಿಂತ ಮುಕ್ಕಾಲು ಪಾಲು ನಿಧಾನ. ಪುಟಿದರೂ ತಲೆ ಮೇಲೆ ಹೋಗುವುದಿಲ್ಲ. 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸುವಂತಿಲ್ಲ ಅಂತ ಅಂತರರಾಷ್ಟ್ರೀಯ ನಿಯಮವೇ ಇದೆಯಂತೆ. ನಮ್ಮ ಕ್ಲಬ್ಬಿನಲ್ಲಿ ಆರು ವರ್ಷದ ಮಗುವಿಗೂ ಹಳದಿ ಚೆಂಡೇ ಕೊಡುತ್ತಿದ್ದರು. ಹನ್ನೊಂದು ಮೀಟರಿನ ಪುಟ್ಟ ಕೋರ್ಟು ಸುಣ್ಣದಲ್ಲಿ ಬರೆದು, ಕುರ್ಚಿಗಳ ನಡುವೆ ಹಗ್ಗ ಕಟ್ಟಿ ಆಡಿಸಿದರು. ಆಟ ಬೆಳೆಸುವುದು ಅಂತ ವಾರ್ಷಿಕ ವರದಿಗಳಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಆ ಸಂಜೆ ಅದು ಒಂದು ಚೀಲದಷ್ಟು ಚೆಂಡು, ಅಷ್ಟೇ.

ಹೊಸ ಕಾಯ್ದೆಯ ಪ್ರಕಾರ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ 15 ಜನ ಮೀರಬಾರದು, ಅವರಲ್ಲಿ ಕನಿಷ್ಠ 4 ಮಹಿಳೆಯರು ಇರಬೇಕು. ನೀವು ಯಾಕೆ ಹೋಗಬಾರದು ಅಂತ ಕೇಳಿದೆ. "ನಾನು ಅಲ್ಲಿ ಹೋಗಿ ಕೂತರೆ ಇಲ್ಲಿ ಡ್ರಾ ಯಾರು ಮಾಡ್ತಾರೆ?" ಅಂದರು. ನನಗೆ ಈ ಉತ್ತರ ಒಪ್ಪಿಗೆಯಿಲ್ಲ ಮೇಡಂ. ಇಲ್ಲೇ ಹೇಳಿಬಿಡುತ್ತೇನೆ. ಇಂಥವರು ಅಲ್ಲಿ ಇಲ್ಲದ್ದಕ್ಕೇ ಅಲ್ಲಿನ ಜಗಳ ಲಕೋಟೆ ಸೇರಿದ್ದು.

ಕಬ್ಬನ್ ಪಾರ್ಕಿನ ಆಫೀಸಿನಲ್ಲಿ ನನ್ನ ದಡ್ಡ ಪ್ರಶ್ನೆಗಳಿಗೆಲ್ಲ ಬೇಸರಿಸದೆ ಉತ್ತರ ಕೊಟ್ಟವರು, ಮೆಸ್ಸಿನ ಅಕ್ಕ, ಪಿ.ಟಿ. ಮೇಷ್ಟ್ರು, ಬಾಲ್ ಹೆಕ್ಕಿದ ಹುಡುಗರು, ರಜೆ ಕೊಟ್ಟ ನಮ್ಮ ಮ್ಯಾನೇಜರ್, ಆಸ್ಪತ್ರೆಯಲ್ಲಿ ಅತ್ತಿಗೆ ಜೊತೆ ಸರದಿಯ ಮೇಲೆ ಕೂತವರು, ರಕ್ತ ಕೊಟ್ಟವರು, ನಿಮಗೆಲ್ಲ ಕೈಮುಗಿಯುತ್ತೇನೆ. ಒಬ್ಬೊಬ್ಬರ ಮನೆಗೂ ಬರುತ್ತೇನೆ, ಅಣ್ಣ ಓಡಾಡಲು ಶುರು ಮಾಡಿದ ಮೇಲೆ ಇಬ್ಬರೂ ಬರುತ್ತೇವೆ.

ಕೊನೆಗೆ ಎರಡು ಸೂಚನೆ. ಮಕ್ಕಳು ಬಿಟ್ಟುಹೋದ ಕ್ಯಾಪು, ಬಾಟಲಿ, ಒಂದು ಎಡಗಾಲಿನ ಶೂ ಕ್ಲಬ್ ಆಫೀಸಿನಲ್ಲಿವೆ, ಬಂದು ತೆಗೆದುಕೊಂಡು ಹೋಗಿ. ಮತ್ತೆ, ಮೇಡಂ ಬೇಸಿಗೆ ರಜೆಯಲ್ಲಿ ಬಂದು ನಮ್ಮೂರಿನವರಿಗೆ ಅಂಪೈರಿಂಗ್ ಪಾಠ ಹೇಳಿಕೊಡಲು ಒಪ್ಪಿದ್ದಾರೆ. ಹೆಸರು ಕೊಡುವವರು ಮಾರ್ಕರ್ ಅಣ್ಣನ ಹತ್ತಿರ ಬರೆಸಿ. ಬೇಲಿಯಾಚೆ ನಿಂತು ಜೋರಾಗಿ ಕೂಗಿದವರಿಗೆ ಮೊದಲ ಆದ್ಯತೆ.