ಎಲೆ ನೋಡುವ ಆ್ಯಪ್, ಕಾಂಡದೊಳಗಿನ ಹುಳ

ಮಾನ್ಯ ಸಂಪಾದಕರೇ,

ಎಲೆಯ ಫೋಟೊ ಹಾಕಿದರೆ ಗಿಡದ ರೋಗ ಹೇಳುವ ಆ್ಯಪ್‌ಗಳು ಕಾಫಿ ತೋಟಕ್ಕೂ ಕಾಲಿಟ್ಟಿವೆ. ಎಲೆತುಕ್ಕಿನ ಮಟ್ಟಿಗೆ ಅವು ಪರವಾಗಿಲ್ಲ. ಎಲೆಯಡಿಯ ಕಿತ್ತಳೆ ಬಣ್ಣದ ಪುಡಿ ಕ್ಯಾಮೆರಾಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಉತ್ತರ ಕೊಡಗಿನ ಅರೇಬಿಕಾ ತೋಟಗಳ ದೊಡ್ಡ ಶತ್ರು ಬಿಳಿ ಕಾಂಡಕೊರಕ (ಬೋರರ್), ಅಂದರೆ ಕಾಂಡ ಕೊರೆಯುವ ದುಂಬಿಯ ಮರಿಹುಳ, ಎಲೆಯಲ್ಲಿ ಇರುವುದೇ ಇಲ್ಲ. ಬೋರರ್ ಬಿದ್ದ ಗಿಡದ ಎಲೆಯೂ ಹಳದಿ, ಗೊಬ್ಬರ ಸಾಲದ ಗಿಡದ್ದೂ ಹಳದಿ, ಮಳೆಗಾಲದಲ್ಲಿ ಬುಡಕ್ಕೆ ನೀರು ನಿಂತ ಗಿಡದ್ದೂ ಹಳದಿ. ಬರೀ ಎಲೆ ತೋರಿಸಿದರೆ ಯಂತ್ರ ‘ಯೂರಿಯಾ ಹಾಕಿ’ ಎಂದೀತು. ತೋರಿಸಬೇಕಾದ್ದು ಕಾಂಡವನ್ನು: ಉಂಗುರದಂತೆ ಉಬ್ಬಿದ ಏಣುಗಳು ಕಾಣುವ ಹಾಗೆ, ಬುಡದಿಂದ ಮೇಲಕ್ಕೆ, ಸುತ್ತಲೂ.

ಹುಳ ಯಾವುದೆಂದು ತಿಳಿದರೂ ಅದು ತೋಟದ ಆ ಬ್ಲಾಕಿಗೇ ಏಕೆ ಬಂತು ಎಂಬುದು ಉಳಿಯುತ್ತದೆ. ಈ ದುಂಬಿಗೆ ಬಿಸಿಲು ಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಹಾರಾಟದ ಕಾಲದಲ್ಲಿ, ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳ ಮೊದಲು ತೊಗಟೆಯಡಿ ತಿಂದು, ಆಮೇಲೆ ಗಟ್ಟಿ ಮರದೊಳಕ್ಕೆ ಕೊರೆದು, ದುಂಬಿಯಾಗಿ ಹೊರಬೀಳುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ವರ್ಷ. ಹೀಗಾಗಿ ಈ ಸಲ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಅತಿಯಾದರೆ, ಅಥವಾ ಒಳ್ಳೆಯ ರೇಟು ಬಂತೆಂದು ನೆರಳಿನ ಸಿಲ್ವರ್ ಓಕ್ ಮರ ಕಡಿದರೆ, ಪೆಟ್ಟು ಕಾಣುವುದು ಮುಂದಿನ ವರ್ಷ. ಅಷ್ಟರಲ್ಲಿ ಮರ ಕಡಿದದ್ದು ಮರೆತಿರುತ್ತದೆ; ಬೈಗುಳ ಮಳೆಯ ಪಾಲಿಗೆ. ಹುಳ ಬಿದ್ದ ಗಿಡ ಕಿತ್ತ ಜಾಗ ಬಯಲಾಗಿ ಪಕ್ಕದ ಗಿಡಕ್ಕೂ ಬಿಸಿಲು, ಅದಕ್ಕೂ ಹುಳ. ಆದಾಯ ಕುಸಿದಾಗ ಮತ್ತೆ ನಾಲ್ಕು ಓಕ್ ಮಾರಾಟ.

ಈ ಸುತ್ತನ್ನು ಬಾಣದ ಗುರುತು ಹಾಕಿ ಒಂದು ಹಾಳೆಯಲ್ಲಿ ಬರೆದರೆ ಅದೇ ವ್ಯವಸ್ಥಾ ಚಿಂತನೆ. 1950ರ ದಶಕದಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಜೇ ಫಾರೆಸ್ಟರ್ ಕಾರ್ಖಾನೆಗಳ ಏರಿಳಿತ ಅರಿಯಲು ಬಳಸಿದ ದಾಸ್ತಾನು, ಒಳಹರಿವು, ಹೊರಹರಿವಿನ ಲೆಕ್ಕ ತೋಟಕ್ಕೂ ಒಪ್ಪುತ್ತದೆ. ಹುಳವಿರುವ ಗಿಡಗಳು ದಾಸ್ತಾನು. ಹೊಸದಾಗಿ ಹುಳ ಬೀಳುವ ಗಿಡಗಳು ಒಳಹರಿವು. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಅಂದರೆ ಹಾರಾಟಕ್ಕೆ ಮುಂಚೆ, ಹುಡುಕಿ ಕಿತ್ತು ಸುಟ್ಟದ್ದು ಹೊರಹರಿವು. ಎಡವುವುದು ಇಲ್ಲೇ. ಕಿತ್ತ ಗಿಡ ಸೌದೆಗಾದೀತೆಂದು ಲೈನ್‌ಮನೆ (ಕಾರ್ಮಿಕರ ವಸತಿ) ಪಕ್ಕ ಒಟ್ಟಿದರೆ ಆ ರಾಶಿಯಿಂದಲೇ ದುಂಬಿ ಹಾರುತ್ತವೆ. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಗಿಡ ಕಿತ್ತಾಗಿದೆ, ದಾಸ್ತಾನು ಮಾತ್ರ ಹಾಗೇ ಇದೆ. ಇನ್ನು ಒಳಹರಿವು ತಡೆಯಲು: ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ (ಕತ್ತಿಯಿಂದ ಹೆರೆದರೆ ಗಿಡಕ್ಕೇ ಗಾಯ), 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಬೆರೆಸಿ ಮುಖ್ಯ ಕಾಂಡ ಮತ್ತು ದಪ್ಪ ರೆಂಬೆಗಳಿಗೆ ಹೊಡೆಯುವುದು. ಜೊತೆಗೆ, ದುಂಬಿಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಎಕರೆಗೆ 10.

ಕೃತಕ ಬುದ್ಧಿಮತ್ತೆಗೆ ಕೆಲಸ ಕೊಡಬೇಕಾದ್ದು ನೆರಳಿನ ಲೆಕ್ಕದಲ್ಲಿ. ಆ ಹತ್ತು ಬಲೆಗಳ ಜಾಗದಲ್ಲೇ ನಿಂತು, ಫೋನನ್ನು ಒಂದೇ ಎತ್ತರದಲ್ಲಿ ಹಿಡಿದು, ನೇರ ಮೇಲಕ್ಕೆ ಫೋಟೊ ತೆಗೆಯಿರಿ: ಮರಗಸಿಗೆ ಮುಂಚೆ, ಮರಗಸಿಯಾದ ಮೇಲೆ, ಮತ್ತೆ ಅಕ್ಟೋಬರಿನಲ್ಲಿ. ಆಕಾಶವೆಷ್ಟು, ಸೊಪ್ಪೆಷ್ಟು ಎಂದು ಯಂತ್ರ ಶೇಕಡಾ ಲೆಕ್ಕ ಹಾಕುತ್ತದೆ. ನಡು ಮಧ್ಯಾಹ್ನ ತೆಗೆಯಬೇಡಿ. ಸೂರ್ಯನ ಝಳಕ್ಕೆ ಎಲೆಯ ಅಂಚು ಬೆಳ್ಳಗಾಗಿ ನೆರಳು ಇರುವುದಕ್ಕಿಂತ ಕಡಿಮೆ ಬರುತ್ತದೆ. ಮೋಡದ ದಿನ ಅಥವಾ ಬೆಳಗ್ಗೆ ಬೇಗ ಸರಿ. ಜೊತೆಗೆ ಬ್ಲಾಕ್‌ವಾರು ಕಿತ್ತ ಗಿಡಗಳ ಸಂಖ್ಯೆ. ಕನಿಷ್ಠ ಎರಡು ವರ್ಷದ ಅಂಕಿ ಇಲ್ಲದೆ ಕಾರಣ ಕೇಳಬೇಡಿ. ಒಂದೇ ವರ್ಷದ್ದು ಕೊಟ್ಟರೂ ಯಂತ್ರ ಧೈರ್ಯವಾಗಿ ಉತ್ತರಿಸುತ್ತದೆ, ಅದೇ ತೊಂದರೆ. ಹಿಂದಿನ ವರ್ಷದ ಬಿಸಿಲಿನ ಫಲವನ್ನು ಈ ವರ್ಷದ ಗೊಬ್ಬರಕ್ಕೆ ಗಂಟುಹಾಕಿಬಿಡುತ್ತದೆ.

ಚಾಟ್‌ಬಾಟ್‌ನಲ್ಲಿ ಮದ್ದು ಕೇಳುವವರಿಗೆ ಇನ್ನೊಂದು ಮಾತು. ಹಳೆಯ ಕೈಪಿಡಿಗಳಲ್ಲಿ ಕಾಂಡಕೊರಕಕ್ಕೆ ಲಿಂಡೇನ್ ಎಂಬ ಕೀಟನಾಶಕ ಬರೆದಿದೆ. ನಮ್ಮ ದೇಶದಲ್ಲಿ 2013ರಿಂದ ಅದರ ಬಳಕೆ ನಿಷಿದ್ಧ. ಹಳೆಯದು ಹೊಸದು ಎಲ್ಲವನ್ನೂ ಓದಿ ಕಲಿತ ಯಂತ್ರ ಅದನ್ನೇ ಇಂದಿನ ಮದ್ದೆಂದು ಹೇಳಿದರೆ ಆಶ್ಚರ್ಯವಿಲ್ಲ.

ದುಂಬಿಗೆ ಬೇಲಿಯಿಲ್ಲ, ಒಬ್ಬರು ಸುಟ್ಟು ಪಕ್ಕದವರು ಒಟ್ಟಿಟ್ಟರೆ ಸುಟ್ಟವರ ಶ್ರಮ ನೀರುಪಾಲು. ಆದ್ದರಿಂದ ಈ ಲೆಕ್ಕ ಊರಿನ ಮಟ್ಟದಲ್ಲಿ ಆಗಬೇಕು. ಕಾಫಿ ಮಂಡಳಿಯೂ ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರವೂ ನೆರಳಿನ ಫೋಟೊ ಮತ್ತು ಕಿತ್ತ ಗಿಡಗಳ ಲೆಕ್ಕಕ್ಕೆ ಕನ್ನಡದಲ್ಲಿ ಒಂದೇ ನಮೂನೆ ಕೊಟ್ಟು, ಬರುವ ಮಾರ್ಚ್ ಹುಡುಕಾಟದ ಹೊತ್ತಿಗೆ ಬೆಳೆಗಾರರ ಕೈಗೆ ತಲುಪಿಸಲಿ.

– ಕೆಲವು ಅರೇಬಿಕಾ ಬೆಳೆಗಾರರು, ಸುಂಟಿಕೊಪ್ಪ, ಕೊಡಗು