ಕಾಬೂಲಿ ಕಡಲೆಗೆ ವಿಷಲ್ ಬೇಡ, ಸಣ್ಣ ಉರಿ ಸಾಕು

ಮಾನ್ಯ ಸಂಪಾದಕರೇ,

ಕಳೆದ ಶನಿವಾರದ ಪುರವಣಿಯಲ್ಲಿ ಗ್ರೀಕ್ ಶೈಲಿಯ ಕಾಬೂಲಿ ಕಡಲೆ ಸ್ಟ್ಯೂ ಮಾಡುವ ವಿಧಾನ ಬಂದಿತ್ತು. ಹೆಸರು ನೋಡಿ ತುಂಬಾ ಖುಷಿಯಾಯಿತು. ಓದುತ್ತಾ ಹೋದಂತೆ ಬೇಜಾರಾಯಿತು. ಕಡಲೆ, ಟೊಮೆಟೊ, ನಿಂಬೆರಸ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಆರು ವಿಷಲ್ ಕೂಗಿಸಿ, ಅರ್ಧ ಗಂಟೆಯಲ್ಲಿ ಊಟ ರೆಡಿ ಅಂತ ಬರೆದಿದ್ದೀರಿ. ಸೋಮವಾರ ಬೆಳಿಗ್ಗೆ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಕುಕ್ಕರ್ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ವಾರಾಂತ್ಯಕ್ಕೆಂದೇ ಕೊಡುವ ಪುಟದಲ್ಲೂ ಅದೇ ಅವಸರ ಯಾಕೆ? ಈ ಅಡುಗೆಯ ರುಚಿ ಇರುವುದೇ ಅದು ಬೇಯಲು ತೆಗೆದುಕೊಳ್ಳುವ ಹೊತ್ತಿನಲ್ಲಿ.

ಇದು ಗ್ರೀಸಿನ ಸಿಫ್ನೋಸ್ ಅನ್ನುವ ದ್ವೀಪದ ಅಡುಗೆ, ಅಲ್ಲಿ ರೆವಿಥಾದಾ ಅನ್ನುತ್ತಾರೆ. ಆ ದ್ವೀಪ ಕುಂಬಾರಿಕೆಗೂ ಹೆಸರುವಾಸಿ. ನೆನೆಸಿದ ಕಡಲೆ, ಜಾಸ್ತಿ ಈರುಳ್ಳಿ, ಆಲಿವ್ ಎಣ್ಣೆ, ಬೇ ಎಲೆ, ನೀರು, ಇಷ್ಟನ್ನೇ ಮುಚ್ಚಳವಿರುವ ಮಣ್ಣಿನ ಪಾತ್ರೆಗೆ ತುಂಬಿ ಶನಿವಾರ ರಾತ್ರಿ ಸೌದೆ ಉರಿಸಿದ ಗೂಡಿನೊಳಗೆ ಇಟ್ಟುಬಿಡುತ್ತಾರೆ. ಬೆಂಕಿ ಆರಿದ ಮೇಲೂ ಗೂಡಿನಲ್ಲಿ ಉಳಿಯುವ ಕಾವಿನಲ್ಲಿ ಅದು ರಾತ್ರಿಯಿಡೀ ಬೇಯುತ್ತದೆ. ಭಾನುವಾರ ಚರ್ಚ್ ಮುಗಿಸಿ ಬಂದವರು ಮೇಲೆ ನಿಂಬೆ ಹಿಂಡಿ ಊಟ ಮಾಡುತ್ತಾರೆ. ಟೊಮೆಟೊ ಇಲ್ಲ, ಮಸಾಲೆ ಇಲ್ಲ. ನಿಂಬೆ ಬರುವುದು ತಟ್ಟೆಗೆ ಬಡಿಸಿದ ಮೇಲೆ.

ನಿಂಬೆ ಕೊನೆಗೆ ಬರುವುದಕ್ಕೆ ಕಾರಣ ಇದೆ. ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಬೇಳೆ ಬೇಯುವ ಮುಂಚೆ ಹುಣಸೆಹುಳಿ ಹಾಕಬೇಡ ಅಂತ ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದೂ ಇದಕ್ಕೇ ಅಲ್ವಾ? ಬೆಂಗಳೂರಿನಲ್ಲಿ ಇನ್ನೊಂದು ತೊಂದರೆ ಇದೆ, ನೀರು. ನಾನಿರುವ ಹೊರಮಾವಿನ ಕಡೆ ಬಹಳ ಮನೆಗಳಿಗೆ ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಗತಿ. ಆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಅನ್ನುವ ಅಂಟಿಗೆ ಸೇರಿಕೊಂಡು ಅದನ್ನು ಬಿಗಿ ಮಾಡುತ್ತವೆ. ಎಷ್ಟು ಹೊತ್ತು ಬೇಯಿಸಿದರೂ ನಡುವೆ ಒಂದು ಗಟ್ಟಿ ಉಳಿದೇ ಇರುತ್ತದೆ. ಕಡಲೆ ಹಳೆಯದಾದರಂತೂ ಕೇಳಲೇಬೇಡಿ. ಕಾವೇರಿ ನೀರು ಬರುವ ಮನೆಯವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಉಳಿದವರು ನೆನೆಸುವುದಕ್ಕೂ ಬೇಯಿಸುವುದಕ್ಕೂ ಆರ್‌ಒ ನೀರು ಬಳಸಿದರೆ ಒಳ್ಳೆಯದು. ನೆನೆಸುವ ನೀರಿಗೆ ಸ್ವಲ್ಪ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಕಾಳು ತೊಳೆದುಕೊಳ್ಳಬೇಕು. ಸೋಡ ಜಾಸ್ತಿಯಾದರೆ ಸಾಬೂನಿನ ವಾಸನೆ ಬರುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ಬೇಯಿಸುವಾಗ ಅದೂ ಸ್ವಲ್ಪ ಹೊತ್ತು ಹೆಚ್ಚು ಕೇಳುತ್ತದೆ. ಇಂಥ ವಿಷಯ ಪುರವಣಿಯಲ್ಲಿ ಬರಬೇಕು, ಯಾಕೆಂದರೆ ಓದಿ ಮಾಡುವವರು ಇದೇ ಊರಿನ ನೀರಲ್ಲಿ ಮಾಡುತ್ತಾರೆ.

ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ. ಅರ್ಧ ಕೆಜಿ ಕಡಲೆ ಶನಿವಾರ ರಾತ್ರಿ ನೆನೆಯಲು ಹಾಕುವುದು. ಭಾನುವಾರ ಕಾಫಿ ಕುಡಿದ ಮೇಲೆ ಮೂರು ದೊಡ್ಡ ಈರುಳ್ಳಿ ಹೆಚ್ಚಿ, ಅರ್ಧ ಲೋಟ ಆಲಿವ್ ಎಣ್ಣೆ ಹಾಕಿ, ಕಾಳಿನ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಬಿಟ್ಟು ಮುಚ್ಚುವುದು. ಪಾತ್ರೆ ಪಾಟರಿ ಟೌನ್‌ನಲ್ಲಿ ತಂದ ಮಣ್ಣಿನ ಮಡಕೆ. ಅದನ್ನು ನೇರ ಗ್ಯಾಸ್ ಉರಿಯ ಮೇಲೆ ಇಡುವುದಿಲ್ಲ, ಕೆಳಗೆ ಹಳೆಯ ಕಬ್ಬಿಣದ ಕಾವಲಿ ಇಟ್ಟು ನಿಧಾನಕ್ಕೆ ಕಾಯಿಸುತ್ತೇವೆ. ಒಂದು ಕುದಿ ಬಂದ ಮೇಲೆ ಸಿಮ್. 3–4 ಗಂಟೆ ಅದರ ಪಾಡಿಗೆ ಬಿಡುವುದು. ನಡುವೆ ನೀರು ಕಡಿಮೆಯಾದರೆ ಬಿಸಿನೀರೇ ಹಾಕಬೇಕು. ತಣ್ಣೀರು ಬಿದ್ದರೆ ಮಡಕೆ ಬಿರುಕು ಬಿಡುತ್ತದೆ. ಬೇ ಎಲೆ ಬದಲು ಪಲಾವ್ ಎಲೆ ಹಾಕಿದರೆ ಒಂದೇ ಒಂದು ಹಾಕಿ, ಅದು ಬೇರೆಯೇ ಮರದ್ದು, ಚಕ್ಕೆಯ ಘಾಟು ಜಾಸ್ತಿ.

ಎರಡು ಗಂಟೆ ಕಳೆಯುವ ಹೊತ್ತಿಗೆ ಈರುಳ್ಳಿ ಕಣ್ಣಿಗೇ ಕಾಣುವುದಿಲ್ಲ, ಕರಗಿ ನೀರಿಗೆ ಸೇರಿರುತ್ತದೆ. ಮೇಲೆ ತೇಲುತ್ತಿದ್ದ ಎಣ್ಣೆಯೂ ಕಾಳು ಬಿಟ್ಟ ಗಂಜಿಯ ಜೊತೆ ಬೆರೆತು ರಸ ಹಾಲಿನ ಕೆನೆಯಂತೆ ದಪ್ಪಗಾಗುತ್ತದೆ. ಸೌಟಿನಲ್ಲಿ ಎತ್ತಿದರೆ ಕಡಲೆ ಒಡೆದಿರುವುದಿಲ್ಲ, ಆದರೆ ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಸಾಕು, ಬೆಣ್ಣೆ. ಕುಕ್ಕರಿನಲ್ಲಿ ಕಾಳೇನೋ ಬೇಯುತ್ತದೆ, ಸಿಪ್ಪೆ ಬಿಟ್ಟುಕೊಂಡು ನೀರು ಒಂದು ಕಡೆ, ಎಣ್ಣೆ ಒಂದು ಕಡೆ ಆಗಿರುತ್ತದೆ. ನಮ್ಮ ಅತ್ತೆಗೆ ಹಲ್ಲಿನ ತೊಂದರೆ, ಕಡಲೆ ಅಂದರೆ ದೂರ. ಇದನ್ನು ಮಾತ್ರ ಬಿಸಿ ರಾಗಿ ಮುದ್ದೆ ಜೊತೆ ಎರಡನೇ ಸಲ ಹಾಕಿಸಿಕೊಂಡು, "ಖಾರ ಇಲ್ದೇ ಇದ್ರೂ ಹೊಟ್ಟೆಗೆ ಹಿತವಾಗಿದೆ ಕಣಮ್ಮ, ನಾಳೆಗೂ ಸ್ವಲ್ಪ ಎತ್ತಿಡು" ಅಂದರು.

ಗ್ಯಾಸ್ ದಂಡ ಅನ್ನುವವರು ಇದ್ದಾರೆ. ಕುಕ್ಕರಿಗಿಂತ ಜಾಸ್ತಿ ಖರ್ಚಾಗುವುದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಮಣ್ಣಿನ ಪಾತ್ರೆ ಕಾವು ಹಿಡಿದಿಟ್ಟುಕೊಳ್ಳುತ್ತದೆ. ಚೆನ್ನಾಗಿ ಕುದಿಸಿ, ಒಲೆ ಆರಿಸಿ, ಹಳೆಯ ಕಂಬಳಿ ಸುತ್ತಿಟ್ಟು, ಒಂದು ಗಂಟೆ ಬಿಟ್ಟು ಮತ್ತೆ ಕುದಿ ಬರಿಸಿದರೆ ಗ್ಯಾಸ್ ಉಳಿಯುತ್ತದೆ. ಇನ್ನು ಕೆಲಸ ಜಾಸ್ತಿ ಅನ್ನುವ ಮಾತು ಸುಮ್ನೆ. ಹೆಚ್ಚುವುದು ಮೂರು ಈರುಳ್ಳಿ. ಅದು ಬೇಯುವಷ್ಟರಲ್ಲಿ ಬಟ್ಟೆ ಒಗೆದು, ಪೇಪರ್ ಓದಿ, ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಬಹುದು.

ಮಾಂಸ ತಿನ್ನುವವರಿಗೆ ಗ್ರೀಕರ ಸ್ಟಿಫಾದೊ ಅನ್ನುವ ಸ್ಟ್ಯೂ ಇದೆ. ಅಲ್ಲಿ ಮೊಲ ಅಥವಾ ದನದ ಮಾಂಸದಲ್ಲಿ ಮಾಡುತ್ತಾರೆ, ಇಲ್ಲಿ ಮಟನ್ ಸರಿಹೋಗುತ್ತದೆ. ಸಿಪ್ಪೆ ತೆಗೆದ ಸಾಂಬಾರ್ ಈರುಳ್ಳಿ ಇಡಿಯಾಗಿ ಧಾರಾಳವಾಗಿ ಬೇಕು, ಜೊತೆಗೆ ಚಕ್ಕೆ, ಲವಂಗ, ಟೊಮೆಟೊ, ಸ್ವಲ್ಪ ವಿನೆಗರ್. ಎಳೆಯ ಮಾಂಸಕ್ಕಿಂತ ನರ ಇರುವ ಮುಂಗಾಲಿನ ತುಂಡುಗಳೇ ಇದಕ್ಕೆ ಚೆಂದ, ಆ ನರವೆಲ್ಲ ಸಣ್ಣ ಉರಿಯಲ್ಲಿ ಕರಗಿಯೇ ರಸಕ್ಕೆ ಅಂಟು ಬರುವುದು.

ಒಂದು ವಿಷಯ ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ಇದೇ ಥರ ರಾಜ್ಮಾ ಮಾಡಲು ಹೋಗಿ ಹಸಿ ಕಾಳನ್ನು ನೇರವಾಗಿ ಕರೆಂಟಿನ ಸ್ಲೋ ಕುಕ್ಕರಿಗೆ ಹಾಕಬಾರದು. ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಒಂದು ವಿಷದ ಅಂಶ ಇರುತ್ತದೆ. ಸ್ಲೋ ಕುಕ್ಕರಿನ ಕಡಿಮೆ ಕಾವಿಗೆ ಅದು ಹೋಗುವುದಿಲ್ಲ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಅಂತ ಕನಿಷ್ಠ 10 ನಿಮಿಷ ಕುದಿಸಲೇಬೇಕು. ನಾನಂತೂ ಅರ್ಧ ಗಂಟೆ ಕುದಿಸಿದ ಮೇಲೇ ಸಣ್ಣ ಉರಿಗೆ ಇಳಿಸುತ್ತೇನೆ.

ನಿಮ್ಮ ಪುಟ ನೋಡಿ ಅಡುಗೆ ಕಲಿಯುತ್ತಿರುವ ಹುಡುಗ ಹುಡುಗಿಯರು ಈ ಊರಿನ ಪಿಜಿಗಳಲ್ಲಿ, ಬಾಡಿಗೆ ಮನೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಎಷ್ಟು ವಿಷಲ್ ಅಂತ ಹೇಳಿದರೆ ಸಾಲದು. ಯಾವ ನೀರು, ಉರಿ ಎಷ್ಟು, ಹುಳಿ ಯಾವಾಗ, ಬೆಂದಿದೆ ಅಂತ ಗೊತ್ತಾಗುವುದು ಹೇಗೆ, ಇದನ್ನೆಲ್ಲ ಬರೆಯಿರಿ. ಮುಂದಿನ ಶನಿವಾರ ಆ ಕಡಲೆ ಸ್ಟ್ಯೂವನ್ನೇ ತಿದ್ದಿ ಇನ್ನೊಮ್ಮೆ ಪ್ರಕಟಿಸಿ. ಜಾಗ ಸಾಲದಿದ್ದರೆ ಪಕ್ಕದ ಹತ್ತು ನಿಮಿಷದ ಪಾಸ್ತಾವನ್ನು ಒಂದು ವಾರ ಮುಂದಕ್ಕೆ ಹಾಕಬಹುದು.

ಇಂತಿ,
ನಿಮ್ಮ ಓದುಗಿ,
ಹೊರಮಾವು, ಬೆಂಗಳೂರು